ಕನ್ನಡಿಗೂ ಲೂಪ್ ಬಂತು, ನಿಕ್ಕಲ್‌ಗೂ ಬಂತು. ಹಾಗಾದರೆ ಅದು ಯಾರ ಲೂಪ್?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ಅಂತ ಗಾಜಿನ ಸ್ಲೈಡ್ ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ ನಿಕ್ಕಲ್ ಪದರ ಕೂರಿಸಿದ್ದೇವೆ. ಅದರ ಮೇಲೆ ಕೆಂಪು ಲೇಸರ್ ಬೀಳಿಸಿ, ವಾಪಸ್ ಬಂದ ಬೆಳಕನ್ನು ಪೋಲರಾಯ್ಡ್ ಹಾಳೆಯ (ಅನಲೈಸರ್) ಮೂಲಕ, ಬೆಳಕಿನ ಪ್ರಮಾಣ ಅಳೆಯುವ ಫೋಟೋಡಯೋಡ್‌ಗೆ ಬಿಟ್ಟೆವು. ಎಲೆಕ್ಟ್ರೋಮ್ಯಾಗ್ನೆಟ್‌ನ ಕರೆಂಟ್ ಏರಿಸಿ ಇಳಿಸಿದಾಗ ಗ್ರಾಫಿನಲ್ಲಿ ಲೂಪ್ ಬಂತು, ಅಂದರೆ ಏರುವಾಗ ಗೆರೆ ಒಂದು ದಾರಿ, ಇಳಿಯುವಾಗ ಇನ್ನೊಂದು ದಾರಿ, ಕಾಂತತೆ ಇರುವ ವಸ್ತುವಿನ ಗುರುತು ಅದು. ಎಲ್ಲರೂ ಕರದಂಟು ಹಂಚಿ ತಿಂದೆವು. ಮರುದಿನ ನಿಕ್ಕಲ್ ತೆಗೆದು ಅಲ್ಯೂಮಿನಿಯಂ ಲೇಪದ ಕನ್ನಡಿ ಇಟ್ಟರೆ ಅದಕ್ಕೂ ಹೆಚ್ಚುಕಡಿಮೆ ಅದೇ ಲೂಪ್! ಗೈಡ್ ಸರ್ 'ಪದರ ಇನ್ನೂ ದಪ್ಪ ಮಾಡಿ, ಅನಲೈಸರ್ 45 ಡಿಗ್ರಿಗೆ ಇಡಿ' ಅನ್ನುತ್ತಾರೆ. ಸೀನಿಯರ್ ಒಬ್ಬರು 'ಬೆಳಕಿಗೆ ಮ್ಯಾಗ್ನೆಟ್ ಏನೂ ಮಾಡಲ್ಲ, ಸುಮ್ನೆ ವಿಎಸ್‌ಎಂಗೆ (ಕಾಂತತೆ ಅಳೆಯುವ ಯಂತ್ರ) ಕಳಿಸಿ' ಅನ್ನುತ್ತಾರೆ. ರಿಪೋರ್ಟ್ ಕೊಡಲು ಐದು ವಾರ ಇದೆ. ಫೋಟೋ, ಗ್ರಾಫ್ ಎರಡನ್ನೂ ಕಳಿಸಿದ್ದೇನೆ. ನಮ್ಮ ಪದರದಲ್ಲಿ ಕಾಂತತೆಯೇ ಇಲ್ವಾ, ಅಥವಾ ಈ ವಿಧಾನವೇ ತಪ್ಪಾ?

ಉತ್ತರ: ಕನ್ನಡಿ ಇಟ್ಟು ನೋಡೋಣ ಅಂತ ನಿಮ್ಮಲ್ಲಿ ಯಾರಿಗೆ ಹೊಳೆಯಿತೋ, ಅವರಿಗೆ ನನ್ನ ಪಾಲಿನ ಕರದಂಟನ್ನೂ ಕೊಡಿ. ಎಷ್ಟೋ ಜನ ಮೊದಲ ಲೂಪ್ ಕಂಡ ಕೂಡಲೇ ಪ್ರಿಂಟ್ ತೆಗೆದು ರಿಪೋರ್ಟ್‌ಗೆ ಅಂಟಿಸಿಬಿಡುತ್ತಾರೆ. ನೀವು ಹಾಗೆ ಮಾಡಲಿಲ್ಲ. ನಿಮ್ಮ ಪದರವೂ ಸರಿ ಇರಬಹುದು, ವಿಧಾನವಂತೂ ಖಂಡಿತ ಸರಿ ಇದೆ. ಆದರೆ ಗ್ರಾಫಿನಲ್ಲಿ ಕಾಣುತ್ತಿರುವುದು ನಿಕ್ಕಲ್ ಅಲ್ಲ. ಅದು ನಿಮ್ಮ ಎಲೆಕ್ಟ್ರೋಮ್ಯಾಗ್ನೆಟ್‌ನ ಕಬ್ಬಿಣದ ಲೂಪ್. ಅದನ್ನು ನಿಮಗೆ ತೋರಿಸುತ್ತಿರುವುದು ಲೆನ್ಸ್‌ನ ಗಾಜು. ಹೇಗೆ ಅಂತ ಹೇಳುತ್ತೇನೆ.

ಅದಕ್ಕೂ ಮೊದಲು ಸೀನಿಯರ್ ಮಾತು. ಅದು ಅರ್ಧ ನಿಜ. ಬರೀ ಗಾಳಿಯಲ್ಲಿ ಹೋಗುವ ಲೇಸರ್ ಪಕ್ಕ ಎಂಥ ಮ್ಯಾಗ್ನೆಟ್ ಹಿಡಿದರೂ ನಿಮ್ಮ ಫೋಟೋಡಯೋಡ್‌ಗೆ ಗೊತ್ತಾಗುವಂಥದ್ದು ಏನೂ ಆಗಲ್ಲ. ನಡುವೆ ಒಂದು ವಸ್ತು ಬೇಕು. ಮೈಕೆಲ್ ಫ್ಯಾರಡೆ 1845ರಲ್ಲಿ ಕಂಡಿದ್ದು ಇದನ್ನೇ. ಕಾಂತಕ್ಷೇತ್ರದಲ್ಲಿಟ್ಟ ಗಾಜಿನ ಮೂಲಕ ಹಾಯ್ದ ಬೆಳಕಿನ ಕಂಪನದ ದಿಕ್ಕು ಸ್ವಲ್ಪ ತಿರುಗುತ್ತದೆ. ಸ್ಕಾಟ್ಲೆಂಡಿನ ಜಾನ್ ಕೆರ್ 1877ರಲ್ಲಿ ಇನ್ನೊಂದನ್ನು ಪ್ರಕಟಿಸಿದರು. ಎಲೆಕ್ಟ್ರೋಮ್ಯಾಗ್ನೆಟ್‌ನ ನುಣುಪು ಮಾಡಿದ ತುದಿಗೆ ಬಡಿದು ವಾಪಸ್ ಬರುವ ಬೆಳಕೂ ತಿರುಗುತ್ತದೆ. ಲೇಸರ್ ಬಂದಿದ್ದು 1960ರಲ್ಲಿ. ಕೆರ್ ದೀಪ ಹಚ್ಚಿಟ್ಟುಕೊಂಡು ಬರಿಗಣ್ಣಲ್ಲಿ ಇದನ್ನು ಹಿಡಿದರು ಅಂದರೆ, ಫೋಟೋಡಯೋಡ್ ಇಟ್ಟುಕೊಂಡು ಒದ್ದಾಡುವ ನಮಗೆ ಸ್ವಲ್ಪ ನಾಚಿಕೆ ಆಗಬೇಕು. (ಅಂತರ್ಜಾಲದಲ್ಲಿ 'ಕೆರ್ ಎಫೆಕ್ಟ್' ಅಂತ ಹುಡುಕಿದರೆ ವಿದ್ಯುತ್ ಕ್ಷೇತ್ರಕ್ಕೆ ಸಂಬಂಧಿಸಿದ್ದೂ ಬರುತ್ತದೆ. ಅದೂ ಇವರದ್ದೇ, 1875ರದ್ದು, ಆದರೆ ನಿಮಗೆ ಬೇಕಾದ್ದು ಅದಲ್ಲ.)

ಈಗ ನಿಮ್ಮ ಮೇಜಿನ ಮೇಲೆ ಫ್ಯಾರಡೆ, ಕೆರ್ ಇಬ್ಬರೂ ಕೂತಿದ್ದಾರೆ. ನಿಮಗೆ ಕೆರ್ ಮಾತು ಬೇಕು. ಫ್ಯಾರಡೆ ಜೋರಾಗಿ ಮಾತಾಡುತ್ತಿದ್ದಾರೆ.

ಪದರ ಏನು ಮಾಡುತ್ತದೆ ಅನ್ನುವುದಕ್ಕೆ ನಿಮ್ಮ ಜಿಲ್ಲೆಯ ಮಗ್ಗವೇ ಸಾಕು. ಇಳಕಲ್ ಕಡೆ ನೋಡಿರುತ್ತೀರಿ ಅಲ್ವಾ, ಹಾಸು ಉದ್ದಕ್ಕೆ, ಹೊಕ್ಕು ಅದಕ್ಕೆ ಅಡ್ಡ. ಮೊದಲ ಪೋಲರಾಯ್ಡ್ ಬೆಳಕಿನ ಕಂಪನವನ್ನು ಹಾಸಿನ ದಿಕ್ಕಿಗೆ ಮಾತ್ರ ಬಿಡುತ್ತದೆ ಅಂದುಕೊಳ್ಳಿ. ಸಾಮಾನ್ಯ ಕನ್ನಡಿ ಅದನ್ನು ಹಾಸಾಗಿಯೇ ವಾಪಸ್ ಕಳಿಸುತ್ತದೆ. ಕಾಂತತೆ ಇರುವ ಲೋಹ ಮಾತ್ರ ಅದರ ಜೊತೆ ಒಂದೇ ಒಂದು ಎಳೆ ಹೊಕ್ಕು ಸೇರಿಸಿ ಕಳಿಸುತ್ತದೆ. ಪದರದ ಕಾಂತತೆ ಬಲಕ್ಕಿದ್ದರೆ ಆ ಎಳೆ ಒಂದು ಕಡೆ, ಎಡಕ್ಕೆ ಮಗುಚಿದರೆ ಇನ್ನೊಂದು ಕಡೆ. ಎರಡನೇ ಪೋಲರಾಯ್ಡ್, ಅಂದರೆ ಅನಲೈಸರ್, ಹಾಸನ್ನು ಹೆಚ್ಚುಕಡಿಮೆ ಪೂರ್ತಿ ತಡೆದು ಆ ಒಂದು ಎಳೆಯನ್ನು ಹುಡುಕುತ್ತದೆ. ಇಲ್ಲಿ ಒಂದು ಎಚ್ಚರಿಕೆ ಇದೆ. ಬೆಳಕು ಬಂದು ಹೋಗುವ ಸಮತಲ ಇದೆಯಲ್ಲ, ಮೊದಲ ಪೋಲರಾಯ್ಡ್ ಅದಕ್ಕೆ ಸಮಾಂತರವಾಗಿ ಇಲ್ಲವೇ ಸರಿಯಾಗಿ ಅಡ್ಡ ಇರಬೇಕು. ಓರೆಯಾಗಿಟ್ಟರೆ ಕನ್ನಡಿಯೂ ಹೊಕ್ಕು ಹಾಕುತ್ತದೆ.

ಲೋಹದೊಳಗೆ ನಡೆಯುವುದು ಇಷ್ಟು. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಬಲಕ್ಕೆ ಸುತ್ತುವ ಬೆಳಕು, ಎಡಕ್ಕೆ ಸುತ್ತುವ ಬೆಳಕು ಅಂತ ಎರಡು ಸಮಪಾಲು ಮಾಡಬಹುದು. ನಿಕ್ಕಲ್‌ನ ಎಲೆಕ್ಟ್ರಾನ್‌ಗಳ ಸ್ಪಿನ್ (ಪ್ರತಿ ಎಲೆಕ್ಟ್ರಾನಿನ ಸ್ವಂತ ಪುಟ್ಟ ಕಾಂತತೆ) ಒಂದು ದಿಕ್ಕಿಗೆ ನಿಂತಿರುತ್ತದೆ. ಆ ಸ್ಪಿನ್‌ಗೂ ಎಲೆಕ್ಟ್ರಾನಿನ ಓಡಾಟಕ್ಕೂ ನಂಟಿದೆ. ಹಾಗಾಗಿ ಬಲಸುತ್ತು, ಎಡಸುತ್ತು ಎರಡನ್ನೂ ಲೋಹ ಒಂದೇ ಥರ ನೋಡಿಕೊಳ್ಳಲ್ಲ. ಒಂದು ಸ್ವಲ್ಪ ತಡವಾಗುತ್ತದೆ, ಒಂದು ಸ್ವಲ್ಪ ಸೊರಗುತ್ತದೆ. ವಾಪಸ್ ಬಂದ ಮೇಲೆ ಎರಡನ್ನೂ ಕೂಡಿಸಿದರೆ ಕಂಪನದ ದಿಕ್ಕು ಒಂಚೂರು ಓರೆ.

ಎಷ್ಟು ಓರೆ? ನೀವು ಫೀಲ್ಡ್ ಅನ್ನು, ಅಂದರೆ ಕಾಂತಕ್ಷೇತ್ರವನ್ನು, ಪದರದ ಸಮತಲದಲ್ಲೇ, ಬೆಳಕು ಬರುವ ಕಡೆಗೆ ಇಟ್ಟಿದ್ದೀರಿ. ಆ ಜೋಡಣೆಯಲ್ಲಿ ನಿಕ್ಕಲ್‌ಗೆ ಕೆಂಪು ಬೆಳಕಿನಲ್ಲಿ ಒಂದು ಡಿಗ್ರಿಯ ನೂರನೇ ಒಂದು ಭಾಗದ ಆಸುಪಾಸು. ಕಬ್ಬಿಣಕ್ಕೆ ಅದರ ಕೆಲವು ಪಟ್ಟು. ಗೋಳಗುಮ್ಮಟದ ನೆತ್ತಿಯಿಂದ ನೆಲಕ್ಕೆ ಸುಮಾರು 50 ಮೀಟರ್ ತೂಗುಗುಂಡು ಇಳಿಬಿಟ್ಟಿದ್ದೀರಿ ಅಂದುಕೊಳ್ಳಿ. ಗುಂಡು ಕೆಳಗೆ ಒಂದು ಸೆಂಟಿಮೀಟರಿಗೂ ಕಡಿಮೆ ಸರಿದರೆ ಎಷ್ಟು ಕೋನವೋ ಅಷ್ಟು. ಇಷ್ಟು ಸಣ್ಣದನ್ನು ಹಿಡಿಯಲು ಹೊರಟಾಗ ಮ್ಯಾಗ್ನೆಟ್ ಜೊತೆ ತಾಳ ಹಾಕುವ ಬೇರೆ ಯಾವುದೇ ವಸ್ತು ಅದನ್ನು ನುಂಗಿಹಾಕುತ್ತದೆ.

ನಿಮ್ಮ ಗ್ರಾಫ್ ನೋಡಿ. ನಾನು ಮೊದಲು ನೋಡಿದ್ದು ನಡುವಿನ ಭಾಗವನ್ನಲ್ಲ, ತುದಿಗಳನ್ನು. ಫೀಲ್ಡಿನಲ್ಲಿ ನೀವು 1000 ಗಾಸ್‌ವರೆಗೆ ಹೋಗಿದ್ದೀರಿ (ಗಾಸ್ ಅಂದರೆ ಕಾಂತಕ್ಷೇತ್ರದ ಅಳತೆ). ಇಂಥ ನಿಕ್ಕಲ್ ಪದರ ತನ್ನ ಸಮತಲದಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ತುಂಬಿಕೊಳ್ಳಬೇಕು, ಅಂದರೆ ಕಾಂತತೆ ಇನ್ನು ಏರದ ಹಂತ ಮುಟ್ಟಬೇಕು. ಆಮೇಲೆ ಗೆರೆ ಚಪ್ಪಟೆಯಾಗಿ ಸಾಗಬೇಕು. ನಿಮ್ಮದು ಕೊನೆತನಕ ಓರೆಯಾಗಿ ಏರುತ್ತಲೇ ಇದೆ. ಫೀಲ್ಡ್ ಎಷ್ಟೋ ಅಷ್ಟೇ ಸಿಗ್ನಲ್, ಅಂದರೆ ಫ್ಯಾರಡೆಯ ಗಾಜಿನ ನಡವಳಿಕೆ. ಫೋಟೋದಲ್ಲಿ ಆ ಗಾಜು ಕಾಣುತ್ತಲೂ ಇದೆ. ಲೇಸರ್ ಚುಕ್ಕೆ ಸಣ್ಣದಾಗಲಿ ಅಂತ ಹಾಕಿದ ಲೆನ್ಸ್ ಎಲೆಕ್ಟ್ರೋಮ್ಯಾಗ್ನೆಟ್‌ನ ತುದಿಯಿಂದ (ಪೋಲ್) ಮೂರು ಬೆರಳು ದೂರದಲ್ಲೂ ಇಲ್ಲ.

ಲೆಕ್ಕ ಹಾಕೋಣ. ಸಾಮಾನ್ಯ ಆಪ್ಟಿಕಲ್ ಗಾಜು ಕೆಂಪು ಬೆಳಕನ್ನು ಒಂದು ಟೆಸ್ಲಾ (10,000 ಗಾಸ್) ಫೀಲ್ಡಿಗೆ, ಒಂದು ಮೀಟರ್ ಉದ್ದಕ್ಕೆ ಸುಮಾರು 4 ರೇಡಿಯನ್ ತಿರುಗಿಸುತ್ತದೆ. ಲೆನ್ಸ್ 5 ಮಿಲಿಮೀಟರ್ ದಪ್ಪ ಇರಲಿ, ಅಲ್ಲಿಗೆ ಸೋರಿದ ಫೀಲ್ಡ್ ಬೆಳಕಿನ ದಿಕ್ಕಿನಲ್ಲಿ 100 ಗಾಸ್, ಅಂದರೆ 0.01 ಟೆಸ್ಲಾ ಇರಲಿ. ಗುಣಿಸಿದರೆ 0.0002 ರೇಡಿಯನ್, 0.01 ಡಿಗ್ರಿಗಿಂತ ಒಂಚೂರು ಜಾಸ್ತಿ. ನಿಕ್ಕಲ್ ಕೊಡುವುದೂ ಅಷ್ಟೇ! ಕನ್ನಡಿ ಇಟ್ಟರೂ, ನಿಕ್ಕಲ್ ಇಟ್ಟರೂ, ಕೈಗನ್ನಡಿ ಒಡೆದ ಚೂರು ಇಟ್ಟರೂ ಲೆನ್ಸ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಗಾಜಿನದು ನೇರ ಗೆರೆ ಆಗಬೇಕಿತ್ತಲ್ಲ, ಬಾಯಿ ತೆರೆದ ಲೂಪ್ ಯಾಕೆ ಬಂತು ಅಂತ ನೀವು ಕೇಳಬೇಕು. ನಿಮ್ಮ ಅಡ್ಡ ಅಕ್ಷದಲ್ಲಿ ಬರೆದಿರುವುದು ಆಂಪಿಯರ್. ಎಲೆಕ್ಟ್ರೋಮ್ಯಾಗ್ನೆಟ್‌ನ ಒಳಗೆ ಕಬ್ಬಿಣದ ಕೋರ್ ಇದೆ. ಕರೆಂಟ್ ಸೊನ್ನೆಗೆ ತಂದರೂ ಅದು ತನ್ನ ಕಾಂತತೆಯನ್ನು ಪೂರ್ತಿ ಬಿಡಲ್ಲ. ಬೇಕಾದರೆ ಕರೆಂಟನ್ನು ಪೂರ್ತಿ ಏರಿಸಿ, ಸೊನ್ನೆಗೆ ತನ್ನಿ, ಪೋಲ್‌ಗಳ ನಡುವೆ ಫೀಲ್ಡ್ ಅಳೆಯುವ ಗಾಸ್‌ಮೀಟರ್‌ನ ಹಾಲ್ ಪ್ರೋಬ್ ಹಿಡಿಯಿರಿ. ಮೀಟರ್ ಸೊನ್ನೆ ತೋರಿಸಲ್ಲ. ಹಾಗಾಗಿ ಕರೆಂಟ್ ಏರುವಾಗ ಒಂದು ಫೀಲ್ಡ್, ಇಳಿಯುವಾಗ ಅದೇ ಕರೆಂಟಿಗೆ ಇನ್ನೊಂದು ಫೀಲ್ಡ್. ಲೆನ್ಸ್ ಫೀಲ್ಡಿಗೆ ನಿಯತ್ತಾಗಿದೆ, ನೀವು ಬರೆದಿದ್ದು ಕರೆಂಟು. ಬಾಯಿ ತೆರೆದಿದ್ದು ಅಲ್ಲಿ.

ಗ್ರಾಫಿನ ಎರಡೂ ತುದಿಗಳಲ್ಲಿ ಗೆರೆ ಸ್ವಲ್ಪ ಮೇಲಕ್ಕೇ ಬಾಗಿದೆ. ಅದು ಬೇರೆ ಕಳ್ಳ. ಅದರಿಂದ ನಾನೇ ಮೂರು ವಾರ ಕಳೆದುಕೊಂಡಿದ್ದೇನೆ. ಆಗ ನಾನು ಬೆಳಗಾವಿಯಲ್ಲಿ ಮೊದಲ ಸಲ ಇಂಥ ಬೆಂಚ್ ಕಟ್ಟುತ್ತಿದ್ದೆ. ಸ್ಯಾಂಪಲ್ ಹೋಲ್ಡರ್ ಹಿತ್ತಾಳೆಯದ್ದು, ಖುದ್ದು ಅಳತೆ ಕೊಟ್ಟು ಉದ್ಯಮಬಾಗದ ಒಂದು ವರ್ಕ್‌ಶಾಪ್‌ನಲ್ಲಿ ಮಾಡಿಸಿದ್ದು. ಫೀಲ್ಡ್ ಬಲಕ್ಕೆ ಏರಿಸಿದರೂ ಸಿಗ್ನಲ್ ಮೇಲೆ, ಎಡಕ್ಕೆ ಏರಿಸಿದರೂ ಮೇಲೆ. ಅದಕ್ಕೊಂದು ಸಿದ್ಧಾಂತ ಕೂಡ ಬರೆದಿಟ್ಟುಕೊಂಡಿದ್ದೆ! ಬೇರೆ ಕೆಲಸಕ್ಕೆ ಬಂದ ಫಿಟ್ಟರ್ ಒಬ್ಬರು ಪಕ್ಕದಲ್ಲಿ ನಿಂತು ನೋಡಿ, ಹೋಲ್ಡರ್ ಮೇಲೆ ಉಗುರಿಟ್ಟು, "ಸರ, ಸ್ವಿಚ್ ಹಾಕಿದ ಕೂಡ್ಲೆ ಇದು ಜಗ್ಗತೈತ್ರಿ" ಅಂದರು. ಹೋಲ್ಡರ್ ಹಿತ್ತಾಳೆಯದ್ದೇ, ಆದರೆ ಹಿಂದೆ ಬಿಗಿದ ಎರಡು ಸ್ಕ್ರೂ ಉಕ್ಕಿನವು. ಮ್ಯಾಗ್ನೆಟ್ ಅವನ್ನು ಎಳೆಯುತ್ತಿತ್ತು, ಚುಕ್ಕೆ ಫೋಟೋಡಯೋಡ್ ಮೇಲೆ ಜರುಗುತ್ತಿತ್ತು. ಉಕ್ಕು ಯಾವ ಕಡೆಯ ಫೀಲ್ಡಿಗೂ ಪೋಲ್ ಕಡೆಗೇ ಓಡುತ್ತದೆ. ಎರಡೂ ಬದಿ ಒಂದೇ ಥರ ಬಾಗಲು ಅದೇ ಕಾರಣ. ನಿಮ್ಮ ಫೋಟೋದಲ್ಲೂ ಕಪ್ಪು ಸ್ಕ್ರೂ ಎರಡು ಕಾಣುತ್ತವೆ. ಒಂದು ಮ್ಯಾಗ್ನೆಟ್ ತುಂಡು ತಾಗಿಸಿ ನೋಡಿ. ಸ್ಟೇನ್‌ಲೆಸ್ ಅಂದುಕೊಂಡು ನಂಬಬೇಡಿ, ಥ್ರೆಡ್ ಕೊರೆಯುವಾಗ ಹೊಡೆತ ತಿಂದ ಸ್ಟೇನ್‌ಲೆಸ್ ಕೂಡ ಸ್ವಲ್ಪ ಅಂಟಿಕೊಳ್ಳುತ್ತದೆ. ಹಿತ್ತಾಳೆ ಇಲ್ಲವೇ ನೈಲಾನ್ ಸ್ಕ್ರೂ ಹಾಕಿ.

ಕಳ್ಳರನ್ನು ಬೇರೆ ಮಾಡಲು ಒಂದು ಸುಲಭ ಪರೀಕ್ಷೆ ಇದೆ. ಅನಲೈಸರ್ ಈಗ ಪೂರ್ತಿ ಕತ್ತಲೆಯ ಜಾಗದಿಂದ 2 ಡಿಗ್ರಿ ಒಂದು ಕಡೆಗಿದೆ ಅಂದಿದ್ದೀರಿ. ಅದನ್ನು ಇನ್ನೊಂದು ಕಡೆ 2 ಡಿಗ್ರಿಗೆ ತಿರುಗಿಸಿ ಮತ್ತೆ ಅಳೆಯಿರಿ. ಕಂಪನದ ದಿಕ್ಕು ನಿಜವಾಗಿ ತಿರುಗುತ್ತಿದ್ದರೆ ಇಡೀ ಲೂಪ್ ತಲೆಕೆಳಗಾಗುತ್ತದೆ. ಸ್ಯಾಂಪಲ್ ಅಲ್ಲಾಡುತ್ತಿದ್ದರೆ, ಇಲ್ಲವೇ ಕಾಯಿಲ್‌ನ ವಿದ್ಯುತ್ತಿನ ಪ್ರಭಾವ ಫೋಟೋಡಯೋಡ್‌ನ ವೈರ್‌ಗೆ ತಗಲುತ್ತಿದ್ದರೆ ಹಾಗೆ ಮಗುಚಲ್ಲ. ಲೆನ್ಸ್‌ನ ಸಿಗ್ನಲ್ ಮಾತ್ರ ಈ ಪರೀಕ್ಷೆಯಲ್ಲೂ ಪಾಸಾಗುತ್ತದೆ, ಅದೂ ನಿಜವಾದ ತಿರುಗುವಿಕೆಯೇ ತಾನೆ. ಅದಕ್ಕೆ ಲೆನ್ಸ್ ಕಿತ್ತು ದೂರ ಇಡುವುದೊಂದೇ ದಾರಿ. ಉದ್ದ ಫೋಕಸ್‌ನ ಲೆನ್ಸ್ ತಂದು ಪೋಲ್‌ನಿಂದ 25–30 ಸೆಂಟಿಮೀಟರ್ ಆಚೆ ಇಡಿ. ಇಲ್ಲದಿದ್ದರೆ ಬಿಟ್ಟೇಬಿಡಿ, ಒಂದೇ ಥರದ ಪದರಕ್ಕೆ ಚುಕ್ಕೆ 2 ಮಿಲಿಮೀಟರ್ ಇದ್ದರೆ ಏನು ನಷ್ಟ? ಕೆಲವರು ಕನ್ನಡಿಯ ಗ್ರಾಫನ್ನು ನಿಕ್ಕಲ್‌ನ ಗ್ರಾಫಿನಿಂದ ಕಳೆಯುತ್ತಾರೆ. ಕೈಲಾಗದಿದ್ದಾಗ ಸರಿ. ಆದರೆ ಎರಡು ದೊಡ್ಡ ಸಂಖ್ಯೆ ಕಳೆದು ಸಣ್ಣದನ್ನು ತೆಗೆಯುವ ಕೆಲಸ ಅದು, ಕನ್ನಡಿಯೂ ನಿಕ್ಕಲ್ಲೂ ಬೆಳಕನ್ನು ಒಂದೇ ಥರ ಪ್ರತಿಫಲಿಸಲ್ಲ. ನನಗೆ ಅದು ಇಷ್ಟ ಇಲ್ಲ.

45 ಡಿಗ್ರಿಯ ವಿಷಯ. ನಿಮ್ಮ ಸರ್ ಹೇಳಿದ್ದು ಮಾಲಸ್ ನಿಯಮದ (ಪೋಲರಾಯ್ಡ್ ತಿರುಗಿಸಿದಂತೆ ಎಷ್ಟು ಬೆಳಕು ದಾಟುತ್ತದೆ ಅನ್ನುವ ನಿಯಮ) ಲೆಕ್ಕದಲ್ಲಿ ಸರಿ. ಬೆಳಕು ಅತಿ ಹೆಚ್ಚು ಬದಲಾಗುವುದು ಅಲ್ಲೇ. ಆದರೆ ಅಲ್ಲಿ ಫೋಟೋಡಯೋಡ್ ಮೇಲೆ ಬೀಳುವ ಒಟ್ಟು ಬೆಳಕೂ ರಾಶಿ ರಾಶಿ. ನಿಕ್ಕಲ್ 0.01 ಡಿಗ್ರಿ ಅತ್ತ, 0.01 ಡಿಗ್ರಿ ಇತ್ತ ತಿರುಗಿಸಿದರೆ 45 ಡಿಗ್ರಿಯಲ್ಲಿ ಒಟ್ಟು ಬೆಳಕಿನಲ್ಲಿ ಆಗುವ ಬದಲಾವಣೆ ಶೇ. 0.07. ಪಾಯಿಂಟರ್ ಲೇಸರ್ ತಾನಾಗೇ ಅದಕ್ಕಿಂತ ಜಾಸ್ತಿ ಮಿಣುಕುತ್ತದೆ. ಕತ್ತಲೆಯಿಂದ 1 ಡಿಗ್ರಿ ದೂರದಲ್ಲಿಟ್ಟರೆ ಅದೇ ತಿರುಗುವಿಕೆಗೆ ಬದಲಾವಣೆ ಶೇ. 4. ಸಂತೆಯಲ್ಲಿ ಕಿವಿಮಾತು ಕೇಳಬೇಕಾದರೆ ಪಕ್ಕಕ್ಕೆ ಕರೆದುಕೊಂಡು ಹೋಗುತ್ತೇವಲ್ಲ, ಹಾಗೆ. ಎರಡು ಫೋಟೋಡಯೋಡ್ ಇಟ್ಟು ಒಂದರಿಂದ ಒಂದು ಕಳೆಯುವ ಜೋಡಣೆಯಲ್ಲಿ 45 ಡಿಗ್ರಿಯೇ ಸರಿ, ಸರ್ ಮನಸ್ಸಿನಲ್ಲಿ ಅದೇ ಇದ್ದಿರಬಹುದು. ನಿಮ್ಮ ಹತ್ತಿರ ಒಂದೇ ಡಯೋಡ್ ಇದೆ, 1–2 ಡಿಗ್ರಿಯಲ್ಲೇ ಇರಿ.

ಪದರ ದಪ್ಪ ಮಾಡಿದರೆ ಲಾಭ ಇಲ್ಲ. ಕೆಂಪು ಬೆಳಕು ನಿಕ್ಕಲ್‌ನಲ್ಲಿ ಸುಮಾರು 13 ನ್ಯಾನೋಮೀಟರ್ ಇಳಿಯುವಷ್ಟರಲ್ಲಿ ಮೂರನೇ ಒಂದು ಭಾಗಕ್ಕೆ ಕುಗ್ಗಿಬಿಡುತ್ತದೆ. 50 ನ್ಯಾನೋಮೀಟರ್ ಅಂದರೆ ಆಗಲೇ ಬೇಕಾದ್ದಕ್ಕಿಂತ ಜಾಸ್ತಿ. 200 ಮಾಡಿದರೆ ಬೆಳಕಿಗೆ ಕೆಳಗಿನದು ಕಾಣುವುದೇ ಇಲ್ಲ. ಈ ವಿಧಾನ ತೆಳು ಪದರಗಳಿಗೆ ಅಷ್ಟು ಒಗ್ಗುವುದು ಇದೇ ಕಾರಣಕ್ಕೆ. ಮೂಗ್ ಮತ್ತು ಬೇಡರ್ 1985ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಚಿನ್ನದ ಮೇಲೆ ಕೆಲವೇ ಪರಮಾಣುಗಳಷ್ಟು ದಪ್ಪದ ಕಬ್ಬಿಣ ಕೂರಿಸಿ, ಅದರ ಲೂಪನ್ನು ಬರೀ ಬೆಳಕಿನಿಂದ ತೆಗೆದು ತೋರಿಸಿದರು. ಅವರದ್ದು ಭಾರೀ ನಿರ್ವಾತದೊಳಗಿನ ಕೆಲಸ. ನಿಮಗೆ ಅದೆಲ್ಲ ಬೇಕಿಲ್ಲ, ನಿಕ್ಕಲ್ ಗಾಳಿಯಲ್ಲೇ ಚೆನ್ನಾಗಿ ಬಾಳಿಕೊಳ್ಳುತ್ತದೆ.

ಇನ್ನು ವಿಎಸ್‌ಎಂ. ಸ್ಯಾಂಪಲ್ಲನ್ನು ನಡುಗಿಸಿ ಒಟ್ಟು ಕಾಂತತೆ ಅಳೆಯುವ ಯಂತ್ರ ಅದು. ಕಳಿಸಿದರೆ ತಪ್ಪಿಲ್ಲ. ಬೆಳಕಿನ ವಿಧಾನ ಕೊಡಲಾಗದ ಒಂದು ವಿಷಯವನ್ನು ಅದು ಕೊಡುತ್ತದೆ. ನಿಮ್ಮ ಲೂಪ್‌ನಿಂದ ಪದರ ಯಾವ ಫೀಲ್ಡಿಗೆ ಮಗುಚುತ್ತದೆ, ಲೂಪ್ ಚೌಕವೋ ಓರೆಯೋ ಗೊತ್ತಾಗುತ್ತದೆ. ಕಾಂತತೆ ಇಷ್ಟು ಅಂತ ಸಂಖ್ಯೆ ಹೇಳಲು ಬರಲ್ಲ. ವಿಎಸ್‌ಎಂ ಹೇಳುತ್ತದೆ. ಆದರೆ ಅಲ್ಲೂ ನಿಮ್ಮ ಹಳೆಯ ಗೋಳು ತಪ್ಪಲ್ಲ. 5 ಮಿಲಿಮೀಟರ್ ಚೌಕದ ಮೇಲಿನ 50 ನ್ಯಾನೋಮೀಟರ್ ನಿಕ್ಕಲ್ ತೂಕದಲ್ಲಿ ಏನೂ ಅಲ್ಲ. ಅದರ ಕೆಳಗಿನ ಒಂದು ಮಿಲಿಮೀಟರ್ ಗಾಜು ಅದರ 20,000 ಪಟ್ಟು ದಪ್ಪ. ಫೀಲ್ಡ್ ಜಾಸ್ತಿಯಾದಂತೆ ಗಾಜು ಕೊಡುವ ಉಲ್ಟಾ ದಿಕ್ಕಿನ ಸಿಗ್ನಲ್ ಏರುತ್ತಾ ಹೋಗಿ ಲೂಪ್‌ನ ತುದಿಗಳನ್ನು ಕೆಳಕ್ಕೆ ಎಳೆಯುತ್ತದೆ. ಪದರ ಇಲ್ಲದ ಖಾಲಿ ಗಾಜನ್ನೂ ಜೊತೆಗೇ ಕಳಿಸಿ, ಅದನ್ನೂ ಅಳೆಯಲು ಹೇಳಿ. ಉಕ್ಕಿನ ಚಿಮಟದಲ್ಲಿ ಹಿಡಿಯಬೇಡಿ, ಅಂಚಿಗೆ ಹತ್ತಿದ ಒಂದು ಕಣ ಸಾಕು ಕೆಡಲು. ಯಾವ ಯಂತ್ರ ಎಲ್ಲಿದೆ ಅನ್ನುವುದನ್ನು ಐ-ಸ್ಟೆಮ್ ಪೋರ್ಟಲ್‌ನಲ್ಲಿ ಹುಡುಕಿ. ಸರದಿ ಸಿಕ್ಕು ಫಲಿತಾಂಶ ಬರಲು ಐದು ವಾರ ಸಾಲದೆ ಹೋಗಬಹುದು, ಅದಕ್ಕೇ ಇವತ್ತೇ ಅರ್ಜಿ ಹಾಕಿ, ಆದರೆ ಅದನ್ನೇ ನೆಚ್ಚಿ ಕೂರಬೇಡಿ.

ಬೆಂಚ್ ಸರಿ ಮಾಡಿದ ಮೇಲೆ ನೇರ ನಿಕ್ಕಲ್‌ಗೆ ಹೋಗಬೇಡಿ. ದೊಡ್ಡ ಸಿಗ್ನಲ್ ಕೊಡುವ, ಸುಲಭವಾಗಿ ಮಗುಚುವ ಒಂದು ತುಂಡಿನಲ್ಲಿ ಕೈ ಕುದುರಲಿ. ಟ್ರಾನ್ಸ್‌ಫಾರ್ಮರ್ ರಿವೈಂಡಿಂಗ್ ಅಂಗಡಿಯಲ್ಲಿ ಕೋರ್‌ನ ಪಟ್ಟಿ ಕೇಳಿ, ಮೇಲಿನ ಲೇಪ ತೆಗೆದು ಕನ್ನಡಿಯ ಹಾಗೆ ಪಾಲಿಶ್ ಮಾಡಿ. ಕಬ್ಬಿಣ-ಸಿಲಿಕಾನ್ ಅದು, ನಿಕ್ಕಲ್‌ಗಿಂತ ಜೋರಾಗಿ ಮಾತಾಡುತ್ತದೆ. ಹುಡುಗರು ಹಳೆಯ ಹಾರ್ಡ್‌ಡಿಸ್ಕ್ ಬಿಚ್ಚಿ ಅದರ ಫಳಫಳ ತಟ್ಟೆ ತರುತ್ತಾರೆ. ಬೇಡ. ಬರೆದಿದ್ದು ಅಳಿಸಿಹೋಗಬಾರದು ಅಂತಲೇ ಮಾಡಿದ ಪದರ ಅದು, ಮಗುಚಲು ಸಾವಿರಾರು ಗಾಸ್ ಬೇಕು. ನಿಮ್ಮ 1000ಕ್ಕೆ ಜಗ್ಗಲ್ಲ. ಪ್ಲೇಟಿಂಗ್ ಅಂಗಡಿಯ ನಿಕ್ಕಲ್ ತುಂಡಿನ ವಿಷಯದಲ್ಲೂ ಹುಷಾರು. ಕರೆಂಟ್ ಇಲ್ಲದೆ ದ್ರಾವಣದಲ್ಲಿ ಅದ್ದಿ ಮಾಡುವ ಲೇಪದಲ್ಲಿ ರಂಜಕ ಶೇ. 11 ದಾಟಿದರೆ ಅದರಲ್ಲಿ ಕಾಂತತೆಯೇ ಇರಲ್ಲ.

ಗದ್ದಲದ (ಸಿಗ್ನಲ್ ಜೊತೆ ಸೇರುವ ಬೇಡದ ಏರಿಳಿತ) ಬಗ್ಗೆ ಚುಟುಕಾಗಿ. ಲೇಸರ್ ಹಚ್ಚಿ ಅರ್ಧ ಗಂಟೆ ಬಿಟ್ಟು ಅಳೆಯಿರಿ, ಬ್ಯಾಟರಿ ಬದಲು ಸ್ಥಿರವಾದ ಪವರ್ ಸಪ್ಲೈ ಕೊಡಿ. ಟ್ಯೂಬ್‌ಲೈಟ್ ಆರಿಸಿ, ಅದು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಬ್ಬಿನ ಸೀಸನ್ನಿನಲ್ಲಿ ನಿಮ್ಮ ಕಡೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಟ್ರ್ಯಾಕ್ಟರ್‌ಗಳು ರಸ್ತೆ ನಡುಗಿಸುತ್ತಾ ಹೋಗುತ್ತವೆ, ಅದು ಗ್ರಾಫಿನಲ್ಲಿ ಕಾಣುತ್ತದೆ. ಸ್ಕೂಟರ್ ಟ್ಯೂಬಿಗೆ ಅರ್ಧ ಗಾಳಿ ತುಂಬಿ ಅದರ ಮೇಲೆ ಕಡಪ ಕಲ್ಲಿನ ಚಪ್ಪಡಿ, ಚಪ್ಪಡಿ ಮೇಲೆ ಬೆಂಚ್. ಒಂದು ಲೂಪ್ ಬದಲು 50 ಲೂಪ್ ತೆಗೆದು ಸರಾಸರಿ ಮಾಡಿದರೆ ಗದ್ದಲ ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗದ್ದಲದಿಂದ ಸಣ್ಣ ಸಿಗ್ನಲ್ ಹೆಕ್ಕಿ ತೆಗೆಯುವ ಲಾಕ್-ಇನ್ ಆಂಪ್ಲಿಫೈಯರ್ ಇಲ್ಲ ಅಂತ ಕೊರಗಬೇಡಿ, ರಾತ್ರಿ ಊರು ಮಲಗಿದ ಮೇಲೆ ಅಳೆಯಿರಿ.

ಎರಡು ಅಪಾಯ ಮಾತ್ರ ಹಗುರವಾಗಿ ತಗೋಬೇಡಿ. ಲೇಸರ್ ಎತ್ತರ ಕೂತವರ ಕಣ್ಣಿನ ಮಟ್ಟಕ್ಕೆ ಬರದ ಹಾಗೆ ಬೆಂಚ್ ಕಟ್ಟಿ, ವಾಪಸ್ ಬರುವ ಕಿರಣದ ಹಿಂದೆ ಕಪ್ಪು ರಟ್ಟು ನಿಲ್ಲಿಸಿ. ಅಗ್ಗದ ಹಸಿರು ಪಾಯಿಂಟರ್ ಬೇಡವೇ ಬೇಡ, ಕೆಲವು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕೂಡ ಉಗುಳುತ್ತವೆ. ಎಲೆಕ್ಟ್ರೋಮ್ಯಾಗ್ನೆಟ್‌ನ ಕರೆಂಟನ್ನು ನಿಧಾನವಾಗಿ ಸೊನ್ನೆಗೆ ತಂದ ಮೇಲಷ್ಟೇ ಸ್ವಿಚ್ ಆರಿಸಿ. ತುಂಬಿದ ಕಾಯಿಲ್‌ನ ವೈರ್ ಎಳೆದರೆ ಕಿಡಿ ಹಾರಿ ಸಪ್ಲೈ ಸುಡುತ್ತದೆ, ಕೈ ಅಲ್ಲಿದ್ದರೆ ಕೈಗೂ ಬಡಿಯುತ್ತದೆ.

ಈ ವಾರ ಸ್ಕ್ರೂ, ಲೆನ್ಸ್, ಹಾಲ್ ಪ್ರೋಬ್ ಮೂರನ್ನೇ ಮುಗಿಸಿ, ಬೇರೇನೂ ಮುಟ್ಟಬೇಡಿ. ಆಮೇಲೆ ಕನ್ನಡಿ ಇಟ್ಟಾಗ ಗೆರೆ ಮಲಗಬೇಕು. ಅದು ಮಲಗುವ ತನಕ ನಿಕ್ಕಲ್ ಡಬ್ಬಿಯಲ್ಲೇ ಇರಲಿ. ಕನ್ನಡಿಯ ಹಳೆಯ ಗ್ರಾಫನ್ನು ಎಸೆಯದೆ ರಿಪೋರ್ಟ್‌ನಲ್ಲಿ ಹೊಸದರ ಪಕ್ಕ ಹಾಕಿ, ಪರೀಕ್ಷಕರು ಮೊದಲು ಕೇಳುವುದೇ ಅದನ್ನು. ನಿಕ್ಕಲ್ ಲೂಪ್ ಬಂದರೆ ನನಗೂ ಕಳಿಸಿ. ಅಡ್ಡ ಅಕ್ಷದಲ್ಲಿ ಗಾಸ್ ಇರಲಿ, ಆಂಪಿಯರ್ ಬೇಡ.